ಮೊಟ್ಟೆ ಕಳೆದುಕೊಳ್ಳಬೇಕಾದ ನೀರು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಕೋಳಿ ಸಾಕುವವರಿಗೆ ಮರಿ ಮಾಡಿಸುವುದು ಹೊಸ ವಿದ್ಯೆಯಲ್ಲ. ಹೇಂಟೆ ಮೊಟ್ಟೆಯಿಡುವುದನ್ನು ನಿಲ್ಲಿಸಿ, ಗೂಡು ಬಿಟ್ಟೇಳದೆ, ಹತ್ತಿರ ಕೈ ಒಯ್ದರೆ ಗರಿ ಕೆದರಿ ಕುಟುಕಲು ಬಂತೆಂದರೆ ಅದು ಕಾವಿಗೆ ಬಂದಿದೆ ಎಂದು ಮನೆಯ ಮಕ್ಕಳಿಗೂ ತಿಳಿಯುತ್ತದೆ. ಹಳೆಯ ಬುಟ್ಟಿಯೊಂದಕ್ಕೆ ಹುಲ್ಲು ಹಾಸಿ, ಹತ್ತೋ ಹನ್ನೆರಡೋ ಮೊಟ್ಟೆ ಇಟ್ಟು, ಇಲಿ ಹೆಗ್ಗಣ ಬಾರದ ಕತ್ತಲೆ ಮೂಲೆಯಲ್ಲಿ ಕೂರಿಸಿದರೆ 21 ದಿನಕ್ಕೆ ಮರಿಗಳು ಹೊರಗೆ ಬರುತ್ತವೆ. ಇಲ್ಲಿ ಮನುಷ್ಯರು ಮಾಡುವುದು ಯಾವ ಹೇಂಟೆ, ಯಾವ ಮೊಟ್ಟೆ, ಯಾವ ಜಾಗ ಎಂಬ ಆಯ್ಕೆ ಮಾತ್ರ. ಉಳಿದದ್ದೆಲ್ಲ ಹೇಂಟೆಯ ಹೊಟ್ಟೆಯಡಿ ಕಣ್ಣಿಗೆ ಕಾಣದಂತೆ ನಡೆಯುತ್ತದೆ. ಹೀಗಾಗಿ ಜೀವಮಾನವಿಡೀ ಕೋಳಿ ಸಾಕಿದವರ ಅನುಭವ ಎಷ್ಟೇ ದೊಡ್ಡದಿದ್ದರೂ ಅದು ಹೇಂಟೆಯನ್ನು ಕುರಿತ ಅನುಭವ. ಕಾವಿನಲ್ಲಿ ಮೊಟ್ಟೆಗೆ ಏನಾಗುತ್ತದೆ ಎಂದು ತಿಳಿಯಬೇಕಾದ ಅಗತ್ಯವೇ ಅವರಿಗೆ ಬಂದಿರುವುದಿಲ್ಲ. ಮಾಡುವವಳು ಮಾಡುತ್ತಿದ್ದಳು, ಮರಿ ಬರುತ್ತಿದ್ದವು.

ಈಗ ಬುಟ್ಟಿಯ ಜಾಗಕ್ಕೆ ಪೆಟ್ಟಿಗೆ ಬಂದಿದೆ. ಥರ್ಮೋಕೋಲ್ ಡಬ್ಬಕ್ಕೆ ಬಲ್ಬು, ಸಣ್ಣ ಫ್ಯಾನು, ಥರ್ಮೋಸ್ಟಾಟ್ ಜೋಡಿಸಿ ಮನೆಯಲ್ಲೇ ಮಾಡಿಕೊಂಡದ್ದಿರಬಹುದು, ಆನ್‌ಲೈನಿನಲ್ಲಿ ತರಿಸಿಕೊಂಡ ಇನ್‌ಕ್ಯುಬೇಟರ್ ಇರಬಹುದು. ಇದಕ್ಕೆ ಒಂದು ಮುಖ್ಯ ಕಾರಣ ತಳಿಗಳಲ್ಲಿದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ರೈತರ ಕೈಸೇರಿದ ಗಿರಿರಾಜ, ಆಮೇಲೆ 2005ರಲ್ಲಿ ಬಂದ ಸ್ವರ್ಣಧಾರ, ಎರಡೂ ಹಿತ್ತಲಿನಲ್ಲೇ ಬೆಳೆದು ನಾಟಿ ಕೋಳಿಗಿಂತ ಬಹಳ ಹೆಚ್ಚು ಮೊಟ್ಟೆ ಕೊಡುವ ಕೋಳಿಗಳು. ಆದರೆ ಅವು ಕಾವಿಗೆ ಕೂರುವುದಿಲ್ಲ. ಇದು ತಳಿಯ ದೋಷವಲ್ಲ, ಮೊಟ್ಟೆ ಹೆಚ್ಚಿಸಿದ್ದರ ಬೆಲೆ. ಹೇಂಟೆಯ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದಾಗ ಅದರ ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಕೂರುವ ಹಂಬಲ ಹುಟ್ಟುತ್ತದೆ. ಆದ್ದರಿಂದ ಯಾರೇ ಆಗಲಿ ಮೊಟ್ಟೆಯ ಸಂಖ್ಯೆ ನೋಡಿ ತಲೆಮಾರುಗಟ್ಟಲೆ ಕೋಳಿಗಳನ್ನು ಆರಿಸುತ್ತ ಬಂದರೆ, ಗೊತ್ತಿಲ್ಲದೆಯೇ ಕಾವಿಗೆ ಕೂರದ ಕೋಳಿಗಳನ್ನೇ ಆರಿಸಿರುತ್ತಾರೆ. ಮೊಟ್ಟೆ ರಾಶಿಯಾಗಿದೆ, ಕೂರುವ ಹೇಂಟೆಯಿಲ್ಲ. ಅಲ್ಲಿಗೆ ಪೆಟ್ಟಿಗೆ ಬೇಕಾಯಿತು.

ಪೆಟ್ಟಿಗೆ ತಂದವರ ಗಮನವೆಲ್ಲ ಬಿಸಿಯ ಮೇಲಿರುತ್ತದೆ. ಅದು ಸಹಜವೇ, ಏಕೆಂದರೆ ಮನುಷ್ಯನ ಇತಿಹಾಸದಲ್ಲಿ ಮರಿ ಮಾಡಿಸುವ ವಿದ್ಯೆ ಬಹುಪಾಲು ಬಿಸಿಯನ್ನು ಹಿಡಿತಕ್ಕೆ ತರುವ ವಿದ್ಯೆಯಾಗಿತ್ತು. ಈಜಿಪ್ಟಿನ ಜನ ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಗಳಲ್ಲಿ ಸಗಣಿ, ಹುಲ್ಲು ಉರಿಸಿ ಏಕಕಾಲಕ್ಕೆ ಸಾವಿರಾರು ಮೊಟ್ಟೆಗಳಿಂದ ಮರಿ ತೆಗೆಯುತ್ತಿದ್ದರು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ಹೆಚ್ಚೋ ಕಡಿಮೆಯೋ ಎಂದು ಹೇಳುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರಿಯೊಮೂರ್, ತಾನೇ ರೂಪಿಸಿದ ಥರ್ಮಾಮೀಟರಿನ ನೆರವಿನಿಂದ ಆ ವಿದ್ಯೆಯನ್ನು ತನ್ನ ದೇಶದಲ್ಲಿ ಮಾಡಿ ನೋಡಿ 1749ರಲ್ಲಿ ಅದರ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಅವರೆಲ್ಲ ಪಟ್ಟ ಪಾಡನ್ನು ಇವತ್ತು ಕೆಲವು ನೂರು ರೂಪಾಯಿಯ ಥರ್ಮೋಸ್ಟಾಟ್ ಮುಗಿಸಿಬಿಟ್ಟಿದೆ. ಫ್ಯಾನಿರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ನಿಲ್ಲಿಸುವುದು ಈಗ ಕಷ್ಟದ ಮಾತಲ್ಲ. ಇನ್ನು ಕರೆಂಟಿನ ಚಿಂತೆ. ಲಿಂಗನಮಕ್ಕಿಯ ಶರಾವತಿ ನೀರು, ಹೊಸನಗರದ ಮಾಣಿ ಜಲಾಶಯದ ವಾರಾಹಿ ನೀರು ರಾಜ್ಯಕ್ಕೆಲ್ಲ ವಿದ್ಯುತ್ ಕೊಡುತ್ತಿದ್ದರೂ, ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದಾಗ ಈ ಊರುಗಳು ಕತ್ತಲಲ್ಲಿ ಕೂರುವುದು ಎಲ್ಲರಿಗೂ ಗೊತ್ತು. ಆದರೆ ಭ್ರೂಣ ತಣಿವಿಗೆ ಅಷ್ಟು ಸುಲಭವಾಗಿ ಸಾಯುವ ಜೀವವಲ್ಲ. ಹೇಂಟೆಯೇ ದಿನಕ್ಕೊಮ್ಮೆ ಮೇವಿಗೆ, ನೀರಿಗೆ, ದೂಳಿನಲ್ಲಿ ಹೊರಳಾಡಲು ಎದ್ದು ಹೋಗುತ್ತದೆ, ಮೊಟ್ಟೆ ತಣಿಯುತ್ತದೆ, ಮರಿ ಬಂದೇ ಬರುತ್ತವೆ. ಎರಡು ಮೂರು ತಾಸು ಕರೆಂಟು ಹೋದರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ ಕಾಯಬಹುದು. ಹೆದರಬೇಕಾದದ್ದು ಬಿಸಿ 40 ಡಿಗ್ರಿ ಮುಟ್ಟಿ ನಿಂತಾಗ. ಇಷ್ಟು ಹೇಳಿದ ಮೇಲೆ ಬಿಸಿಯ ಮಾತು ಬಿಡಬಹುದು. ಈ ಅಧ್ಯಾಯ ಹೇಳಹೊರಟಿರುವುದು ನೀರಿನ ವಿಚಾರ: ಮಲೆನಾಡಿನ ಮನೆಯಲ್ಲಿ ಪೆಟ್ಟಿಗೆಗೆ ಎಷ್ಟು ನೀರು ಬೇಕು ಎಂಬುದನ್ನು ಯಂತ್ರದ ಜೊತೆ ಬಂದ ಕೈಪಿಡಿಯಾಗಲಿ ತೇವಾಂಶದ ಮೀಟರಾಗಲಿ ಸರಿಯಾಗಿ ಹೇಳಲಾರವು, ಅಡುಗೆಮನೆಯ ತಕ್ಕಡಿ ಹೇಳಬಲ್ಲದು.

ಮೊದಲು ಮೊಟ್ಟೆಯ ಉಸಿರಾಟವನ್ನು ನೋಡೋಣ. ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಹತ್ತು ಸಾವಿರ ಸೂಕ್ಷ್ಮ ರಂಧ್ರಗಳಿವೆ. ಭ್ರೂಣಕ್ಕೆ ಶ್ವಾಸಕೋಶ ಕೆಲಸ ಮಾಡುವವರೆಗೂ ಗಾಳಿ ಒಳಹೋಗುವುದು, ಹೊರಬರುವುದು ಈ ರಂಧ್ರಗಳಲ್ಲೇ, ಅದೂ ಯಾವ ಬಲವೂ ಇಲ್ಲದೆ, ಕೇವಲ ಅನಿಲಗಳು ಹೆಚ್ಚಿದ್ದಲ್ಲಿಂದ ಕಡಿಮೆಯಿದ್ದಲ್ಲಿಗೆ ಹರಡಿಕೊಳ್ಳುವ ಗುಣದಿಂದ. ಅಮೆರಿಕದ ಬಫಲೋ ನಗರದಲ್ಲಿ ಹರ್ಮನ್ ರಾನ್, ಚಾರ್ಲ್ಸ್ ಪಗನೆಲ್ಲಿ ಮತ್ತು ಅವರ ಜೊತೆಗಾರ ಅಮೋಸ್ ಆರ್ ಎಪ್ಪತ್ತರ ದಶಕದಲ್ಲಿ ಇದನ್ನು ಬಿಡದೆ ಅಳೆದರು. 1979ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಇಂದಿಗೂ ಬೆರಗು ಹುಟ್ಟಿಸುತ್ತದೆ: 60 ಗ್ರಾಂ ತೂಕದ ಮೊಟ್ಟೆಯೊಂದು 21 ದಿನಗಳಲ್ಲಿ ಸುಮಾರು 6 ಲೀಟರ್ ಆಮ್ಲಜನಕವನ್ನು ಎಳೆದುಕೊಂಡು, 4.5 ಲೀಟರ್ ಇಂಗಾಲದ ಡೈಆಕ್ಸೈಡನ್ನೂ 11 ಲೀಟರ್ ನೀರಿನ ಆವಿಯನ್ನೂ ಹೊರಬಿಡುತ್ತದೆ. ಹನ್ನೊಂದು ಲೀಟರ್ ಆವಿಯೆಂದರೆ ತೂಕದಲ್ಲಿ ಎಂಟೊಂಬತ್ತು ಗ್ರಾಂ ನೀರು. ಆಮ್ಲಜನಕ ಒಳಬರುವ ದಾರಿಯಲ್ಲೇ ನೀರು ಹೊರಹೋಗುವುದರಿಂದ ಇದು ಅನಿವಾರ್ಯ ನಷ್ಟದಂತೆ ಕಾಣಬಹುದು. ನಿಜವಾಗಿ ಅದು ನಷ್ಟವಲ್ಲ. ಭ್ರೂಣ ಬೆಳೆಯಲು ಬೇಕಾದ ಶಕ್ತಿ ಬರುವುದು ಹಳದಿಯ ಕೊಬ್ಬಿನಿಂದ. ಒಂದು ಗ್ರಾಂ ಕೊಬ್ಬು ದೇಹದಲ್ಲಿ ದಹಿಸಿದಾಗ ಒಂದು ಗ್ರಾಮಿಗಿಂತ ತುಸು ಹೆಚ್ಚೇ ನೀರು ಹುಟ್ಟುತ್ತದೆ. ಅಂದರೆ ದಿನ ಕಳೆದಂತೆ ಮೊಟ್ಟೆಯೊಳಗೆ ಕೊಬ್ಬು ಕಡಿಮೆಯಾಗುತ್ತದೆ, ನೀರು ಹುಟ್ಟುತ್ತಲೇ ಇರುತ್ತದೆ. ಅದು ಹೊರಹೋಗದಿದ್ದರೆ ಮರಿ ತೇವದಲ್ಲಿ ಊದಿಕೊಳ್ಳುತ್ತದೆ. ಜೊತೆಗೆ ನೀರು ಹೋದಷ್ಟೂ ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಕೋಣೆ ದೊಡ್ಡದಾಗುತ್ತದೆ. ಹತ್ತೊಂಬತ್ತು, ಇಪ್ಪತ್ತನೇ ದಿನ ಮರಿ ಒಳಪೊರೆಯನ್ನು ಕೊಕ್ಕಿನಿಂದ ತೂರಿ ಬದುಕಿನ ಮೊದಲ ಉಸಿರನ್ನು ಎಳೆದುಕೊಳ್ಳುವುದು ಆ ಕೋಣೆಯಿಂದಲೇ. ಕೋಣೆ ಚಿಕ್ಕದಾದರೆ ಉಸಿರಿಗೆ ಸಾಲುವುದಿಲ್ಲ. ಮೊಟ್ಟೆ ಒಡೆದು ನೋಡಿದಾಗ ಪೂರ್ತಿ ಬೆಳೆದ, ಗರಿ ಒದ್ದೆಯಾದ, ಕುತ್ತಿಗೆ ಊದಿದ ಮರಿ ಸತ್ತು ಬಿದ್ದಿರುತ್ತದಲ್ಲ, ಹಲವು ಸಲ ಅದು ಹೀಗೆ ಸತ್ತ ಮರಿ. ಅತ್ತ ನೀರು ಮಿತಿಮೀರಿ ಹೋದರೂ ಕಷ್ಟವೇ. ಪೊರೆಗಳು ಒಣಗಿ ಮರಿಯ ಮೈಗೆ ಅಂಟಿ, ತಿರುಗಿ ಚಿಪ್ಪು ಒಡೆಯಲು ಬಿಡುವುದಿಲ್ಲ. ಹದಿನೆಂಟು ದಿನಕ್ಕೆ ಮೊಟ್ಟೆ ತನ್ನ ತೂಕದ ಶೇಕಡಾ 11ರಿಂದ 14ರಷ್ಟನ್ನು ಕಳೆದುಕೊಂಡಿದ್ದರೆ ಅದು ಹದ.

ಈಗ ಮಲೆನಾಡಿನ ಗಾಳಿಗೆ ಬರೋಣ. ಹೊಸನಗರ ತಾಲ್ಲೂಕಿನ ಹುಲಿಕಲ್, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಎರಡು ಕಡೆಯೂ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಸಾಗರದಿಂದ ಪೂರ್ವಕ್ಕೆ ಆನಂದಪುರದ ಕಡೆ ಹೋದಂತೆ ಮಳೆ ಇಳಿದರೂ ಆಷಾಢದ ತಿಂಗಳಲ್ಲಿ ಗೋಡೆ ಬೆವರುವುದು, ಬೆಲ್ಲ ಕರಗುವುದು, ಚರ್ಮದ ಚಪ್ಪಲಿಗೆ ಬೂಸರು ಹಿಡಿಯುವುದು ಮೂರೂ ತಾಲ್ಲೂಕಿನ ಅನುಭವ. ಇಂಥ ಕಡೆ ಪೆಟ್ಟಿಗೆಯೊಳಗಿನ ಗಾಳಿಯೂ ಹಸಿಯಾಗಿಯೇ ಇರುತ್ತದೆ ಎಂದು ನಂಬುವುದು ಸುಲಭ. ಅದು ಅರ್ಧ ಸತ್ಯ. ಗಾಳಿ ಎಷ್ಟು ಆವಿ ಹಿಡಿದುಕೊಳ್ಳಬಲ್ಲದು ಎಂಬುದು ಅದರ ಬಿಸಿಯನ್ನು ಅವಲಂಬಿಸಿದೆ. 22 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 19 ಗ್ರಾಂ ಆವಿ ಹಿಡಿಯುತ್ತದೆ, 37.5 ಡಿಗ್ರಿಯಲ್ಲಿ 45 ಗ್ರಾಂ. ಆರಿದ್ರಾ ಮಳೆ ಹೊಯ್ಯುವಾಗ 22 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇ. 95 ಇದ್ದರೂ ಗಾಳಿಯಲ್ಲಿರುವುದು 18 ಗ್ರಾಂ ಚಿಲ್ಲರೆ ನೀರು. ಅದೇ ಗಾಳಿ ಪೆಟ್ಟಿಗೆಯೊಳಗೆ ಹೋಗಿ 37.5 ಡಿಗ್ರಿಗೆ ಬಿಸಿಯಾದರೆ ತೇವಾಂಶ ಶೇ. 40ರ ಆಸುಪಾಸಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಬಚ್ಚಲೊಲೆಯ ಹತ್ತಿರ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಮನೆಗಳಿಗೆ ಈ ಭೌತವಿಜ್ಞಾನ ಹೊಸದಲ್ಲ, ಹಸಿ ಗಾಳಿ ಬಿಸಿಯಾದರೆ ಅದಕ್ಕೆ ನೀರು ಹೀರುವ ಹಸಿವು ಬರುತ್ತದೆಂದು ಅವರು ಎಂದೋ ಕಂಡುಕೊಂಡಿದ್ದಾರೆ. ರಾನ್ ಅವರ ತಂಡ ಅಳೆದ ಪ್ರಕಾರ ಸಾಧಾರಣ ಕೋಳಿಮೊಟ್ಟೆಯ ಚಿಪ್ಪು ನೀರಿನ ಆವಿಯನ್ನು ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೋ ಆ ಅಂಕಿಯನ್ನು ಹಿಡಿದು ಗುಣಿಸಿದರೆ, ಇಂಥ ಗಾಳಿಯಲ್ಲಿ 60 ಗ್ರಾಂ ಮೊಟ್ಟೆ ದಿನಕ್ಕೆ 0.4 ಗ್ರಾಮಿಗಿಂತ ತುಸು ಹೆಚ್ಚು ನೀರು ಬಿಡುತ್ತದೆ, ಹದಿನೆಂಟು ದಿನಕ್ಕೆ ಶೇ. 12ರಿಂದ 13ರಷ್ಟು. ಬೇಕಾದ ಹದ ಇದೇ! ಪೆಟ್ಟಿಗೆಯ ನೀರಿನ ತಟ್ಟೆಯಲ್ಲಿ ಒಂದು ತೊಟ್ಟು ನೀರಿಡದೆ ಮಲೆನಾಡಿನ ಮಳೆಗಾಲ ಮೊಟ್ಟೆಗೆ ಬೇಕಾದ ಗಾಳಿಯನ್ನು ತಾನಾಗಿ ಕೊಡುತ್ತಿದೆ. ಕೈಪಿಡಿಯಲ್ಲಿ ಬರೆದಿದೆಯೆಂದು ಆಗಲೂ ನೀರು ತುಂಬಿಟ್ಟು ತೇವಾಂಶವನ್ನು ಶೇ. 60ಕ್ಕೆ ಏರಿಸಿದರೆ ಅದೇ ಮೊಟ್ಟೆ ಕಳೆದುಕೊಳ್ಳುವುದು ಶೇ. 8ರ ಸುಮಾರು ಮಾತ್ರ. ಮರಿ ಚಿಪ್ಪಿನೊಳಗೇ ಉಸಿರುಗಟ್ಟಲು ಅಷ್ಟು ಸಾಕು.

ಚಳಿಗಾಲದ ಲೆಕ್ಕ ಇನ್ನೂ ಮೋಸದ್ದು. ಪುಷ್ಯ ಮಾಸದ ಬೆಳಗಿನಲ್ಲಿ ಅಡಿಕೆ ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ, ಮಂಜಿನಲ್ಲಿ ಹತ್ತು ಮಾರು ಮುಂದಿನದು ಕಾಣುವುದಿಲ್ಲ. ಕಣ್ಣಿಗೆ ಇದಕ್ಕಿಂತ ಹಸಿಯಾದ ಗಾಳಿ ಇನ್ನೊಂದಿಲ್ಲ. ಆದರೆ 14 ಡಿಗ್ರಿಯ ಆ ಗಾಳಿ ಹಿಡಿದಿರುವುದು ಘನ ಮೀಟರಿಗೆ 12 ಗ್ರಾಂ ಆವಿ ಮಾತ್ರ. ಪೆಟ್ಟಿಗೆಯಲ್ಲಿ ಬಿಸಿಯಾದಾಗ ಅದು ಶೇ. 25ರ ಒಣ ಗಾಳಿ. ಅಲ್ಲಿ ನೀರಿಡದಿದ್ದರೆ ಮೊಟ್ಟೆ ಶೇ. 16ರಷ್ಟು ತೂಕ ಕಳೆದುಕೊಂಡು ಪೊರೆ ಒಣಗಿಸಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಸೆಖೆಯಲ್ಲಿ ತೇವಾಂಶ ಶೇ. 50 ಇದ್ದರೆ ಗಾಳಿಯಲ್ಲಿರುವ ನೀರು ಹೆಚ್ಚುಕಡಿಮೆ ಆರಿದ್ರಾ ಮಳೆಯ ದಿನದಷ್ಟೇ. ಒಣಗಿದಂತೆ ಕಾಣುವ ಬೇಸಿಗೆ, ನೆನೆದು ತೊಪ್ಪೆಯಾದ ಮಳೆಗಾಲ ಎರಡೂ ಮೊಟ್ಟೆಯ ಮಟ್ಟಿಗೆ ಒಂದೇ. ಬೇರೆಯಾಗಿರುವುದು ಮಂಜಿನ ಚಳಿಗಾಲ. ಇದು ಮೈಗೆ ತಾಗುವ ಅನುಭವಕ್ಕೆ ನೇರ ವಿರುದ್ಧವಾದ ಮಾತು. ನಮ್ಮ ಚರ್ಮ ಗಾಳಿಯ ತೇವವನ್ನೂ ಬಿಸಿಯನ್ನೂ ಕಲಸಿ ಅನುಭವಿಸುತ್ತದೆ, ಮೊಟ್ಟೆಗೆ ಮುಖ್ಯವಾದದ್ದು ಚಿಪ್ಪಿನ ಒಳಗೂ ಹೊರಗೂ ಇರುವ ಆವಿಯ ಒತ್ತಡದ ಅಂತರ ಒಂದೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನೀರಿಡದಿದ್ದರೂ ಮಳೆಗಾಲದಲ್ಲಿ ಪೆಟ್ಟಿಗೆಯ ಮೀಟರ್ ಶೇ. 55, 60 ತೋರಿಸುತ್ತದಲ್ಲ, ಹಾಗಾದರೆ ಲೆಕ್ಕ ತಪ್ಪಿರಬೇಕು ಎಂದು. ಲೆಕ್ಕ ತಪ್ಪಿಲ್ಲ, ಆದರೆ ಅದು ಹೊರಗಿನ ಗಾಳಿ ಒಳಗೆ ಸರಾಗ ಓಡಾಡುತ್ತದೆ ಎಂದು ಇಟ್ಟುಕೊಂಡ ಲೆಕ್ಕ. ಮೊಟ್ಟೆಗಳೂ ನೀರು ಬಿಡುತ್ತವೆ. ಐವತ್ತು ಮೊಟ್ಟೆ ದಿನಕ್ಕೆ ಸುಮಾರು 20 ಗ್ರಾಂ ಆವಿಯನ್ನು ಪೆಟ್ಟಿಗೆಯೊಳಗೆ ಸುರಿಯುತ್ತವೆ. ಮಳೆಗಾಲದ ಥಂಡಿಗೆ ಬಿಸಿ ಸೋರಬಾರದೆಂದು ಗಾಳಿ ತೂತುಗಳನ್ನು ಬಟ್ಟೆ ತುರುಕಿ ಮುಚ್ಚಿದರೆ ಆ ಆವಿಗೆ ಹೋಗಲು ದಾರಿಯಿಲ್ಲ, ತೇವಾಂಶ ಏರುತ್ತದೆ, ಆಮ್ಲಜನಕವೂ ಸೊರಗುತ್ತದೆ. ತೂತು ತೆರೆದಿಟ್ಟು, ಸೋರುವ ಬಿಸಿಯನ್ನು ಬಲ್ಬು ತುಂಬಿಕೊಡಲಿ ಎಂದು ಬಿಡುವುದೇ ಸರಿ. ಇನ್ನೊಂದು ಕಾರಣ ಮೀಟರೇ. ಅಗ್ಗದ ತೇವಾಂಶದ ಮೀಟರುಗಳು ಶೇ. 5, ಕೆಲವು ಸಲ ಶೇ. 10ರಷ್ಟು ಅತ್ತಿತ್ತ ಹೇಳುತ್ತವೆ. ಎರಡು ಮೀಟರ್ ಪಕ್ಕಪಕ್ಕ ಇಟ್ಟರೆ ಈ ಸಂಗತಿ ತಾನೇ ಬಯಲಾಗುತ್ತದೆ. ಶೇ. 40 ಮತ್ತು 60ರ ನಡುವೆ ಮರಿಯ ಜೀವವೇ ತೂಗುತ್ತಿರುವಾಗ ಅಷ್ಟು ತಪ್ಪನ್ನು ಒಪ್ಪಿಕೊಳ್ಳಲಾಗದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಏಕೆಂದರೆ ಅದರ ಹಿಂದೆ ತಲೆಮಾರುಗಳ ಅನುಭವವಿದೆ. ಮಳೆಗಾಲದಲ್ಲಿ ಮೊಟ್ಟೆ ಕೊಳೆಯುತ್ತವೆ, ಗುಡುಗಿಗೆ ಮೊಟ್ಟೆ ಕೆಡುತ್ತವೆ ಎಂದು ಹಿರಿಯರು ಹೇಳುತ್ತಾರೆ. ಕಾವಿಗಿಟ್ಟ ಮೊಟ್ಟೆಗಳ ಜೊತೆ ಇದ್ದಿಲನ್ನೋ ಕಬ್ಬಿಣದ ತುಂಡನ್ನೋ ಇಡುವ ರೂಢಿ ಹಲವು ಕಡೆ ಇದೆ. ಇದನ್ನು ಮೂಢನಂಬಿಕೆಯೆಂದು ತಳ್ಳುವುದು ಅನ್ಯಾಯ. ಮೊಟ್ಟೆ ಕೆಡುವುದು ನಿಜವಾಗಿ ಕಂಡ ಸಂಗತಿ, ಕಾರಣವನ್ನು ಮಾತ್ರ ಬೇರೆಡೆ ಹುಡುಕಬೇಕು. ಮಳೆಗಾಲದಲ್ಲಿ ಅಂಗಳವೆಲ್ಲ ಕೆಸರು, ಹೇಂಟೆಯ ಕಾಲು ಕೆಸರು, ಗೂಡಿನ ಹುಲ್ಲು ಹಸಿ. ಇಟ್ಟ ಗಳಿಗೆಯಲ್ಲಿ ಮೊಟ್ಟೆಯ ಮೇಲೆ ತೆಳುವಾದ ಲೇಪವೊಂದು ಇರುತ್ತದೆ, ರಂಧ್ರಗಳ ಬಾಯಿಗೆ ಅದೇ ಕಾವಲು. ಕೆಸರು ಮೆತ್ತಿದ ಮೊಟ್ಟೆಯನ್ನು ತಣ್ಣೀರಲ್ಲಿ ತೊಳೆದರೆ ಲೇಪ ಹೋಗುತ್ತದೆ, ಒಳಗಿನದು ತಣಿದು ಕುಗ್ಗುವಾಗ ರಂಧ್ರಗಳು ಕೊಳೆನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತವೆ. ಬ್ಯಾಕ್ಟೀರಿಯಾಗಳಿಗೆ ಅಷ್ಟು ಸಾಕು. ಪೆಟ್ಟಿಗೆಯಲ್ಲಿ ಒಂದು ಕೊಳೆತ ಮೊಟ್ಟೆ ಸಿಡಿದರೆ ಉಳಿದವೂ ಕೆಡುತ್ತವೆ. ಫ್ರಿಜ್ಜಿನಿಂದ ತೆಗೆದ ಮೊಟ್ಟೆ ಮಳೆಗಾಲದ ಗಾಳಿಯಲ್ಲಿ ಬೆವರುವುದೂ ಇದೇ ಅನಾಹುತಕ್ಕೆ ದಾರಿ. ಹಾಗಾಗಿ ಮಳೆಗಾಲದಲ್ಲಿ ಮುಖ್ಯವಾದದ್ದು ಒಣ ಹುಲ್ಲು, ದಿನಕ್ಕೆರಡು ಸಲ ಮೊಟ್ಟೆ ಎತ್ತುವುದು, ಕೊಳಕಾದದ್ದನ್ನು ಸಾರಿಗೆ ಬಿಟ್ಟು ಶುಚಿಯಾದದ್ದನ್ನು ಮಾತ್ರ ಕಾವಿಗಿಡುವುದು.

ಗುಡುಗಿನ ಕತೆ ಬೇರೆ. ಇಲ್ಲಿ ಗುಡುಗು ಜೋರಾಗುವುದು ಏಪ್ರಿಲ್, ಮೇ ತಿಂಗಳ ಮುಂಗಾರಿಗೆ ಮುಂಚಿನ ಮಳೆಯಲ್ಲಿ, ಅಂದರೆ ವರ್ಷದ ಅತಿ ಸೆಖೆಯ ದಿನಗಳಲ್ಲಿ. ಕೋಳಿ ಮೊಟ್ಟೆಯಿಟ್ಟಾಗಲೇ ಅದರೊಳಗಿನ ಭ್ರೂಣ ಹತ್ತಾರು ಸಾವಿರ ಜೀವಕೋಶಗಳ ಪುಟ್ಟ ಬಿಲ್ಲೆಯಾಗಿರುತ್ತದೆ. ಇಪ್ಪತ್ತು ಡಿಗ್ರಿಗಿಂತ ಕೆಳಗಿದ್ದರೆ ಅದು ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಇದರಿಂದಲೇ ಹೇಂಟೆ ಹತ್ತು ಹನ್ನೆರಡು ದಿನ ಒಂದೊಂದೇ ಮೊಟ್ಟೆ ಇಟ್ಟು, ಎಲ್ಲವೂ ಸೇರಿದ ಮೇಲೆ ಕೂತು, ಎಲ್ಲ ಮರಿಗಳನ್ನೂ ಒಂದೇ ದಿನ ಹೊರತರಲು ಸಾಧ್ಯವಾಗುವುದು. ಆದರೆ ಅಡುಗೆಮನೆಯ ಬುಟ್ಟಿಯಲ್ಲಿ 30, 32 ಡಿಗ್ರಿಯಲ್ಲಿ ದಿನಗಟ್ಟಲೆ ಕಾದ ಮೊಟ್ಟೆಗೆ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಭ್ರೂಣ ಅರೆಬರೆ ಬೆಳೆದು ಬಲಗುಂದಿ, ಕಾವಿಗಿಟ್ಟ ಮೊದಲ ವಾರದಲ್ಲೇ ಸಾಯುತ್ತದೆ. ಏಳನೇ ದಿನ ಕತ್ತಲೆಯಲ್ಲಿ ಟಾರ್ಚು ಹಿಡಿದರೆ ಜೀವವಿರುವ ಮೊಟ್ಟೆಯಲ್ಲಿ ಕೆಂಪು ನರಗಳು ಜೇಡನ ಕಾಲುಗಳಂತೆ ಹರಡಿ, ನಡುವೆ ಕಪ್ಪು ಕಣ್ಣಿನ ಚುಕ್ಕೆಯೊಂದು ಅಲುಗುತ್ತಿರುತ್ತದೆ. ಸತ್ತದ್ದರಲ್ಲಿ ನರಗಳಿಲ್ಲ, ರಕ್ತ ಅಂಚಿಗೆ ಸರಿದು ನಿಂತ ಕೆಂಪು ಬಳೆ ಮಾತ್ರ. ಗುಡುಗಿನ ಕಾಲದಲ್ಲಿ ಈ ಬಳೆಗಳು ಹೆಚ್ಚುತ್ತವೆಂದರೆ ಸದ್ದನ್ನು ದೂರುವ ಮೊದಲು ಸೆಖೆಯನ್ನು ಅನುಮಾನಿಸಬೇಕು. ಕಾವಿಗಿಡುವ ಮೊಟ್ಟೆಯನ್ನು ಮನೆಯ ಅತಿ ತಂಪಾದ ಮೂಲೆಯಲ್ಲಿ, ಮಣ್ಣಿನ ನೆಲದ ಮೇಲೆ, ಒಂದು ವಾರಕ್ಕಿಂತ ಹೆಚ್ಚು ಇಡದಿದ್ದರೆ ಇದ್ದಿಲು ಇಟ್ಟರೂ ಇಡದಿದ್ದರೂ ಫಲ ಒಂದೇ.

ಇನ್ನು ತಕ್ಕಡಿ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದೊಂದೇ ಮೊಟ್ಟೆ ತೂಗುವ ಅಗತ್ಯವಿಲ್ಲ, ಮೊಟ್ಟೆ ಜೋಡಿಸಿದ ತಟ್ಟೆಯನ್ನು ಒಟ್ಟಿಗೆ ತೂಗಿ ಬರಿ ತಟ್ಟೆಯ ತೂಕ ಕಳೆದರಾಯಿತು. ಉದಾಹರಣೆಗೆ ಇಪ್ಪತ್ತು ನಾಟಿ ಮೊಟ್ಟೆ, ಒಂದೊಂದೂ 42 ಗ್ರಾಂ, ಒಟ್ಟು 840 ಗ್ರಾಂ ಎಂದಿಟ್ಟುಕೊಳ್ಳಿ. ಹದಿನೆಂಟು ದಿನಕ್ಕೆ ಶೇ. 12 ಎಂದರೆ 101 ಗ್ರಾಂ ಹೋಗಬೇಕು, ದಿನಕ್ಕೆ ಐದೂವರೆ ಗ್ರಾಂ ಮೇಲೆ ತುಸು. ಏಳನೇ ದಿನ ತೂಕ 801ರ ಹತ್ತಿರ, ಹದಿನಾಲ್ಕನೇ ದಿನ 762ರ ಹತ್ತಿರ, ಹದಿನೆಂಟನೇ ದಿನ 739ರ ಹತ್ತಿರ ಬರಬೇಕು. ಏಳನೇ ದಿನ 815 ಇದ್ದರೆ ನೀರು ನಿಧಾನ ಹೋಗುತ್ತಿದೆ ಎಂದರ್ಥ, ನೀರಿನ ತಟ್ಟೆ ತೆಗೆದು ಗಾಳಿ ತೂತು ಅಗಲಿಸಬೇಕು. 785 ಇದ್ದರೆ ಬೇಗ ಹೋಗುತ್ತಿದೆ, ನೀರಿಡಬೇಕು. ಹದಿನೆಂಟು ದಿನಗಳಲ್ಲಿ ಒಟ್ಟು ಎಷ್ಟು ಹೋಯಿತೆಂಬುದು ಮುಖ್ಯವಾದ್ದರಿಂದ ಮೊದಲ ವಾರದ ತಪ್ಪನ್ನು ಎರಡನೇ ವಾರದಲ್ಲಿ ಸರಿದೂಗಿಸಿಕೊಳ್ಳಬಹುದು. ಮೀಟರ್ ಹೇಳುವುದು ಆ ಗಳಿಗೆಯ ಗಾಳಿಯನ್ನು, ತಕ್ಕಡಿ ಹೇಳುವುದು ಅಲ್ಲಿಯವರೆಗೆ ಮೊಟ್ಟೆಗೆ ಆದದ್ದನ್ನು. ಮೊಟ್ಟೆ ಎತ್ತಿ ತೂಗಿದರೆ ತಣಿದು ಕೆಡುವುದಿಲ್ಲವೇ ಎಂದು ಕೇಳಬಹುದು. ಐದು ನಿಮಿಷದ ಕೆಲಸವಿದು, ಹೇಂಟೆ ದಿನವೂ ಎದ್ದುಹೋಗುವ ಹೊತ್ತಿಗಿಂತ ಕಡಿಮೆ. ಬೀಜವಿಲ್ಲದ ಮೊಟ್ಟೆಗಳಿದ್ದರೆ ಲೆಕ್ಕ ತಪ್ಪುವುದಿಲ್ಲವೇ ಎಂದರೆ, ನೀರು ಹೋಗುವುದು ಚಿಪ್ಪಿನ ರಂಧ್ರಗಳ ಗುಣದಿಂದ, ಒಳಗೆ ಜೀವವಿದ್ದರೂ ಇಲ್ಲದಿದ್ದರೂ ಅದು ಹೆಚ್ಚುಕಡಿಮೆ ಒಂದೇ. ಏಳನೇ ದಿನ ಟಾರ್ಚು ಹಿಡಿದು ಬೀಜವಿಲ್ಲದ್ದನ್ನೂ ಸತ್ತದ್ದನ್ನೂ ತೆಗೆಯುವಾಗ ತೆಗೆದವನ್ನು ತೂಗಿ ಬರೆದುಕೊಂಡು, ಉಳಿದದ್ದರಿಂದ ಲೆಕ್ಕ ಮುಂದುವರಿಸಿದರೆ ಮುಗಿಯಿತು. ತೆಳು ಚಿಪ್ಪಿನದು, ತೀರಾ ದೊಡ್ಡದು, ತೀರಾ ಚಿಕ್ಕದು ಮೊದಲೇ ಹೊರಗಿಟ್ಟರೆ ಸರಾಸರಿ ಇನ್ನಷ್ಟು ನಂಬಿಗಸ್ತವಾಗುತ್ತದೆ.

ಇಷ್ಟೆಲ್ಲ ತಾಪತ್ರಯ ಏಕೆ, ಹೇಂಟೆಗೇ ಬಿಟ್ಟುಬಿಡಬಾರದೇ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು, ಇದಕ್ಕೆ ಹೌದು ಎಂದೂ ಇಲ್ಲ ಎಂದೂ ಒಂದೇ ಮಾತಿನಲ್ಲಿ ಹೇಳಲಾಗದು. ಹೇಂಟೆ ತಕ್ಕಡಿಯಿಲ್ಲದೆ ಇದನ್ನೆಲ್ಲ ಸಾಧಿಸುತ್ತದೆ ಎಂಬುದು ನಿಜ. ರಾನ್ ಅವರ ತಂಡ ಮೊಟ್ಟೆಯ ಚಿಪ್ಪಿನೊಳಗೆ ತೇವ ಹೀರುವ ವಸ್ತು ತುಂಬಿ ಹಕ್ಕಿಗಳ ಗೂಡಿನಲ್ಲಿಟ್ಟು, ಕಾವಿನಡಿಯ ಗಾಳಿಯ ತೇವವನ್ನು ಅಳೆದಿತ್ತು. ಹಕ್ಕಿ ತನ್ನ ಮೈ, ಗೂಡು, ಎದ್ದುಹೋಗುವ ಹೊತ್ತು ಎಲ್ಲವುಗಳಿಂದ ಆ ಗಾಳಿಯನ್ನು ಹದಕ್ಕೆ ತರುತ್ತದೆ. ಅದು ಮೊಟ್ಟೆ ಹೊರಳಿಸುವಷ್ಟು ಸಲ ಯಾವ ಮನೆಯವರೂ ಹೊರಳಿಸಲಾರರು, ದಿನಕ್ಕೆ ಮೂರೋ ಐದೋ ಸಲ ಮಾಡಿದರೆ ನಮಗದೇ ಹೆಚ್ಚು. ಆದರೆ ಹೇಂಟೆ ಕೂರುವುದು ಅದಕ್ಕೆ ಮನಸ್ಸು ಬಂದಾಗ. ಕೂತ 21 ದಿನ, ಆಮೇಲೆ ಮರಿ ಕಟ್ಟಿಕೊಂಡು ತಿರುಗುವ ಒಂದೆರಡು ತಿಂಗಳು ಅದರಿಂದ ಮೊಟ್ಟೆಯಿಲ್ಲ. ಆ ಅವಧಿಯಲ್ಲಿ ಹದ್ದು, ಮುಂಗುಸಿ, ಕಾಡುಬೆಕ್ಕುಗಳಿಗೆ ಎಷ್ಟು ಮರಿ ಹೋಗುತ್ತವೆಂದು ಕಾಡಂಚಿನ ಮನೆಯವರಿಗೆ ಹೇಳಬೇಕಾಗಿಲ್ಲ. ಗಿರಿರಾಜ ಸಾಕಿದವರಿಗಂತೂ ಬೇರೆಯವರ ನಾಟಿ ಹೇಂಟೆ ಸಿಗದಿದ್ದರೆ ಪೆಟ್ಟಿಗೆ ಬಿಟ್ಟು ದಾರಿಯಿಲ್ಲ. ಪೆಟ್ಟಿಗೆಗೆ ಅದರದೇ ಜಾಗವಿದೆ.

ಆದರೂ ಪೆಟ್ಟಿಗೆ ಬಂದಿತೆಂದು ಕಾವಿಗೆ ಕೂರುವ ಹೇಂಟೆಯನ್ನು ಕಳೆದುಕೊಳ್ಳುವುದು ದೊಡ್ಡ ತಪ್ಪು. ಪೆಟ್ಟಿಗೆಯ ಮರಿಗೆ ತಾಯಿಯಿಲ್ಲ. ಮೊದಲ ವಾರ 33, 35 ಡಿಗ್ರಿಯ ಬಿಸಿ ನಾವೇ ಕೊಡಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು, ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯ ಹನಿ ಹಾಕಿಸಬೇಕು. ಅದಕ್ಕಿಂತ ಸೂಕ್ಷ್ಮವಾದ ಕೊರತೆಯೊಂದನ್ನು 1973ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂತಾಲ ತೋರಿಸಿಕೊಟ್ಟರು. ಹೊಸ ಮರಿಗಳಿಗೆ ದೊಡ್ಡ ಕೋಳಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಉಣಿಸಿದಾಗ ಸಾಲ್ಮೊನೆಲ್ಲಾ ಸೋಂಕು ಅವುಗಳ ಕರುಳಿನಲ್ಲಿ ನೆಲೆಯೂರಲು ಕಷ್ಟಪಟ್ಟಿತು. ಹೇಂಟೆಯ ಹಿಂದೆ ತಿರುಗುತ್ತ, ಅದು ಕೆದರಿದ್ದನ್ನು ಹೆಕ್ಕುತ್ತ ಮರಿ ಪಡೆಯುವುದು ಕಾಳು ಮಾತ್ರ ಅಲ್ಲ, ಇಂಥ ರಕ್ಷಣೆಯನ್ನೂ. ಮತ್ತೊಂದು ಅಪಾಯ ನಿಧಾನವಾದದ್ದು. ನಾಟಿ ಕೋಳಿಯ ಮೊಟ್ಟೆಗಳನ್ನೂ ಪೆಟ್ಟಿಗೆಗೇ ಹಾಕತೊಡಗಿದರೆ, ಹೆಚ್ಚು ಮೊಟ್ಟೆಯಿಡುವ ಹೇಂಟೆಯ ಮರಿಗಳೇ ಹೆಚ್ಚು ಉಳಿಯುತ್ತವೆ. ಹೆಚ್ಚು ಮೊಟ್ಟೆಯಿಡುವುದು ಕಾವಿಗೆ ಕಡಿಮೆ ಕೂರುವ ಹೇಂಟೆಯೇ. ಕೋಳಿ ಉದ್ಯಮದವರು ಬೇಕೆಂದೇ ಮಾಡಿದ್ದನ್ನು ಹಿತ್ತಲಿನವರು ಗೊತ್ತಿಲ್ಲದೆ ಮಾಡಿದಂತಾಗುತ್ತದೆ, ಕೆಲವು ತಲೆಮಾರುಗಳಲ್ಲಿ ಊರಿನ ಕೋಳಿಗೂ ಕೂರುವುದು ಮರೆತುಹೋಗುತ್ತದೆ. ಆದ್ದರಿಂದ ವರ್ಷಕ್ಕೆ ಒಂದೆರಡು ಸಲವಾದರೂ ಚೆನ್ನಾಗಿ ಕೂತು, ಚೆನ್ನಾಗಿ ಮರಿ ಸಾಕುವ ಹೇಂಟೆಗೆ ಅದರದೇ ಮೊಟ್ಟೆಗಳನ್ನಿಟ್ಟು ಮರಿ ಮಾಡಿಸಬೇಕು. ಪೆಟ್ಟಿಗೆಯಲ್ಲಿ ಬಂದ ಮರಿಗಳನ್ನು ಅವತ್ತೇ ರಾತ್ರಿ ಕತ್ತಲಲ್ಲಿ ಕಾವಿಗೆ ಕೂತ ಹೇಂಟೆಯ ರೆಕ್ಕೆಯಡಿ ಸೇರಿಸಿದರೆ ಬಹಳ ಸಲ ಅದು ತನ್ನವೆಂದೇ ಒಪ್ಪಿಕೊಳ್ಳುತ್ತದೆ.

ಕೊನೆಯ ಮೂರು ದಿನಗಳ ನಿಯಮ ಬೇರೆ. ಹದಿನೆಂಟನೇ ದಿನ ಮೊಟ್ಟೆ ಹೊರಳಿಸುವುದನ್ನು ನಿಲ್ಲಿಸಬೇಕು, ಅಲ್ಲಿಯವರೆಗೆ ಒಣಗಿಸಿದ ಪೆಟ್ಟಿಗೆಗೆ ಈಗ ತೇವ ಕೊಡಬೇಕು, ಶೇ. 65ರಿಂದ 70. ಹೋಗಬೇಕಾದ ನೀರು ಹೋಗಿಯಾಗಿದೆ, ಈಗ ಚಿಪ್ಪು ಒಡೆದ ಬಾಯಿಯಲ್ಲಿ ಪೊರೆ ಒಣಗದಂತೆ ನೋಡಿಕೊಳ್ಳುವುದಷ್ಟೇ ಉಳಿದಿದೆ. ಮರಿ ಮೊದಲು ಚಿಪ್ಪಿನೊಳಗಿಂದಲೇ ಚಿಲಿಪಿಲಿ ಎನ್ನುತ್ತದೆ. ಪಕ್ಕದ ಮೊಟ್ಟೆಗಳ ಸದ್ದಿನಿಂದ ಹಿಂದುಳಿದವು ಬೇಗ ಮಾಡುತ್ತವೆಂದು ಮಾರ್ಗರೆಟ್ ವಿನ್ಸ್ 1960ರ ದಶಕದಲ್ಲಿ ಕೌಜುಗದಂಥ ಹಕ್ಕಿಗಳಲ್ಲಿ ತೋರಿಸಿದ್ದಾರೆ. ಆಮೇಲೆ ಕೊಕ್ಕಿನ ತುದಿಯ ಬಿಳಿ ಮೊಳೆಯಂಥ ಗಟ್ಟಿಯಿಂದ ಒಂದು ಕಡೆ ಚಿಪ್ಪು ಬಿರಿಯುತ್ತದೆ. ಅಲ್ಲಿಂದ ಹತ್ತು, ಹನ್ನೆರಡು ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು, ಏನೂ ಆಗದಂತೆ ಕಾಣುತ್ತದೆ. ಹಳದಿಯ ಉಳಿಕೆಯೂ ಪೊರೆಯ ನರಗಳ ರಕ್ತವೂ ಮರಿಯ ಮೈಯೊಳಗೆ ಹೋಗುತ್ತಿರುವ ಹೊತ್ತದು, ಆಗ ಮುಚ್ಚಳ ತೆಗೆದು ಕೈಯಿಂದ ಚಿಪ್ಪು ಸುಲಿಯಲು ಹೋಗಬಾರದು. ಆ ಹಳದಿಯೇ ಎರಡು ದಿನದ ಆಹಾರವಾದ್ದರಿಂದ ಹೊರಬಂದ ಮರಿ ಮೈ ಒಣಗಿ ನಯವಾಗುವವರೆಗೆ ಪೆಟ್ಟಿಗೆಯಲ್ಲೇ ಇರಲಿ, ಅವಸರವಿಲ್ಲ. ಮುಂದಿನ ಆರಿದ್ರಾ ಮಳೆಗೆ ಮೊಟ್ಟೆಯಿಡುವವರು ತಟ್ಟೆಗೆ ನೀರು ಸುರಿಯುವ ಮೊದಲು ಒಮ್ಮೆ ತೂಗಿ, ತಾರೀಖಿನ ಸಮೇತ ಬರೆದಿಡಿ. ಏಳು, ಹದಿನಾಲ್ಕು, ಹದಿನೆಂಟನೇ ದಿನದ ತೂಕವನ್ನೂ ಹೊರಬಂದ ಮರಿಗಳ ಸಂಖ್ಯೆಯನ್ನೂ ಅದರ ಪಕ್ಕ ಬರೆಯಿರಿ, ಚಳಿಗಾಲದಲ್ಲಿ ಮತ್ತೊಮ್ಮೆ ಮಾಡಿ. ಹುಲಿಕಲ್ಲಿನ ಮನೆಗೂ ಆನಂದಪುರದ ಮನೆಗೂ ಹೊಂದುವ ಲೆಕ್ಕ ಯಾವ ಕೈಪಿಡಿಯಲ್ಲೂ ಇಲ್ಲ, ಅದನ್ನು ಅಲ್ಲಿನ ಕೋಳಿ ಸಾಕುವವರೇ ಬರೆಯಬೇಕು.